ಚೈನ್ ಸಾ ಇಂಜಿನ್ನಿಗೆ ಬಿಪಿ ನೋಡಿದ ಕಥೆ

ಪುನರ್ವಸು ಮಳೆ ಗಾಳಿಗೆ ನಮ್ಮ ತೋಟದ ಅಂಚಲ್ಲಿದ್ದ ಹಲಸಿನ ಮರ ಬಿತ್ತು. ಸುಮ್ನೆ ಬಿದ್ದಿದ್ರೆ ಆಗ್ತಿತ್ತು, ಏಳೆಂಟು ಅಡಿಕೆ ಮರನೂ ಮಲಗಿಸ್ಕೊಂಡು ತೋಟಕ್ಕೆ ಇಳಿಯೋ ದಾರಿಗೇ ಅಡ್ಡ ಬಿತ್ತು. ಮಾರನೇ ದಿನ ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯೋಕೆ ಜನ ಬರೋರಿದ್ರು. ಮಳೆ ಹೊಳವಾದಾಗ ಹೊಡೀದೇ ಇದ್ರೆ ಕೊಳೆರೋಗ ನಮ್ಮನ್ನ ಕೇಳಿಕೊಂಡು ಬರಲ್ಲ. ಹಂಗಾಗಿ ಸಂಜೆ ನಾಲ್ಕು ಗಂಟೆಗೆ ಕಂಬಳಿಕೊಪ್ಪೆ ಹಾಕ್ಕೊಂಡು ಚೈನ್ ಸಾ ಹಿಡ್ಕೊಂಡು ಹೋದೆ.

ನಂದು ನಾಲ್ಕು ವರ್ಷದ ಹಿಂದೆ ತಗೊಂಡ ಚೈನಾ ಮಾಡೆಲ್ಲು. ಮೇಲೆ 58 ಸಿಸಿ ಅಂತ ದೊಡ್ಡ ಸ್ಟಿಕ್ಕರ್ ಇದೆ, ಆಮೇಲೆ ಬಿಚ್ಚಿ ಪಿಸ್ಟನ್ ಅಳೆದಾಗ 45.2 ಎಂಎಂ ಬಂತು, 52 ಸಿಸಿ ಅಂತ ಮಾರೋ ಮಷೀನಿಗೂ ಅದೇ ಪಿಸ್ಟನ್ನೇ ಕೊಡ್ತಾರೆ, ಉಳಿದ ಸಿಸಿ ಸ್ಟಿಕ್ಕರ್‌ನಲ್ಲೇ ಇರಬೇಕು. ಇರ್ಲಿ. ಸೌದೆ ಕುಯ್ಯೋಕೆ, ಒಣಗಿದ ಅಡಿಕೆ ಮರ ತೆಗಿಯೋಕೆ ಚೆನ್ನಾಗೇ ನಡೀತಿತ್ತು. ಅವತ್ತು ಎರಡು ತುಂಡು ಹಾಕಿದೀನಿ, ಮೂರನೇದಕ್ಕೆ ಬಾರ್ (ಚೈನ್ ಓಡೋ ಪಟ್ಟಿ) ಅರ್ಧ ಇಳಿದಿದೆ, ಇದ್ದಕ್ಕಿದ್ದ ಹಾಗೆ ಸೌಂಡು ತೆಳ್ಳಗಾಗಿ ಕಿರ್ರ್ ಅಂತ ಮೇಲೆ ಮೇಲೆ ಹೋಯ್ತು. ಪೆಟ್ರೋಲ್ ಖಾಲಿ ಆಗೋ ಟೈಮಲ್ಲಿ ಬರುತ್ತಲ್ಲ, ಆ ಥರ. ಟ್ಯಾಂಕ್ ನೋಡಿದ್ರೆ ಮುಕ್ಕಾಲು ಇದೆ. ಅಷ್ಟರಲ್ಲಿ ಗಕ್ ಅಂತ ನಿಂತೋಯ್ತು. ಹಗ್ಗ ಎಳೆದ್ರೆ ಬರ್ತಾನೇ ಇಲ್ಲ. ಹತ್ತು ನಿಮಿಷ ಬಿಟ್ಟು ಎಳೆದೆ, ಬಂತು, ಆದ್ರೆ ಬಾವಿ ರಾಟೆ ಹಗ್ಗ ಎಳೆದಂಗೆ ಸಲೀಸಾಗಿ ಬಂತು. ಕಂಪ್ರೆಷನ್ನೇ ಇಲ್ಲ, ಅಂದ್ರೆ ಪಿಸ್ಟನ್ ಒಳಗಿನ ಗಾಳಿನ ಬಿಗಿಯಾಗಿ ಒತ್ತುತ್ತಾನೇ ಇಲ್ಲ.

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಮಷೀನನ್ನ ಸ್ಟಾರ್ಟರ್ ಹಗ್ಗದ ಹಿಡಿಕೆಯಲ್ಲೇ ಎತ್ತಿ ನೇತಾಡಿಸಬೇಕು. ಕಂಪ್ರೆಷನ್ ಸರಿ ಇದ್ರೆ ನಿಂತು ನಿಂತು, ಒಂದೊಂದೇ ಮೆಟ್ಟಿಲು ಇಳಿದಂಗೆ ಕೆಳಗೆ ಬರುತ್ತೆ. ನಂದು ಬಕೆಟ್ ಬಿದ್ದಂಗೆ ಬಿತ್ತು.

ಆ ಮರನ ಕೊನೆಗೆ ಪಕ್ಕದ ಮನೆ ಮಷೀನಲ್ಲಿ ಕುಯ್ಸಿದ್ದಾಯ್ತು. ನಂದನ್ನ ಪೇಟೆಯಲ್ಲಿ ಒಂದು ಕಡೆ ತೋರಿಸಿದೆ, ಬಿಚ್ಚದೇನೇ "ಬೋರು ಹೋಗಿದೆ, 3500 ಆಗುತ್ತೆ, ಅದರ ಬದ್ಲು ಹೊಸದೇ ತಗೊಳ್ಳಿ" ಅಂದ್ರು. ಬೋರು ಅಂದ್ರೆ ಸಿಲಿಂಡರಿನ ಒಳಮೈ. ಮಷೀನಿಗೇ ನಾನು ಕೊಟ್ಟಿದ್ದು 7500. ವಾಪಸ್ ತಂದೆ. ಅಪ್ಪಯ್ಯ ಜಗಲಿ ಮೇಲೆ ಕೂತಿದ್ರು, "ಟೂ ಸ್ಟ್ರೋಕ್ ಇಂಜಿನ್ನು ಕಣೋ, ಅದರಲ್ಲಿ ಇರೋದೇ ಮೂರು ಸಾಮಾನು. ನಾನು ಯೆಜ್ಡಿನ ಇದೇ ಜಗಲಿ ಮೇಲೆ ಬಿಚ್ತಿರ್ಲಿಲ್ವ" ಅಂದ್ರು. ಮೈಸೂರಲ್ಲಿ ಯೆಜ್ಡಿ ಬೈಕ್ ಮಾಡೋದು ನಿಲ್ಲಿಸಿ 1996ಕ್ಕೇ ಮುಗೀತು, ಅಪ್ಪಯ್ಯನ ಬಾಯಲ್ಲಿ ಮಾತ್ರ ಇನ್ನೂ ಓಡ್ತಾನೇ ಇದೆ. ಆದ್ರೂ ಅವರು ಹೇಳಿದ್ದು ನಿಜ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಆಯಿಲ್ ಚೇಂಬರ್ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಹೋಗ್ತಾ ತಾನೇ ಸಿಲಿಂಡರ್ ಗೋಡೆಯ ಕಿಟಕಿ ತೆಗೆದು ಮುಚ್ಚಿ ಮಾಡುತ್ತೆ. ಪೆಟ್ರೋಲು ಮೊದಲು ಕೆಳಗಿನ ಕ್ರ್ಯಾಂಕ್ ಕೇಸಿಗೆ ಬಂದು, ಅದರ ಜೊತೆ ಬೆರೆಸಿದ ಟೂಟಿ ಆಯಿಲ್ಲೇ ಬೇರಿಂಗಿಗೂ ಪಿಸ್ಟನ್ನಿಗೂ ಜಿಡ್ಡು ಹಚ್ಚಿ, ಆಮೇಲೆ ಮೇಲೆ ಹೋಗಿ ಉರಿಯುತ್ತೆ. ಅಂದ್ರೆ ಈ ಇಂಜಿನ್ನಿಗೆ ಊಟನೂ ಅದೇ, ಎಣ್ಣೆ ಸ್ನಾನನೂ ಅದೇ.

ಬಿಚ್ಚೋಕೆ ಬೇಕಾಗಿದ್ದು ಮಷೀನ್ ಜೊತೆ ಬಂದಿದ್ದ ಪ್ಲಗ್ ಪಾನಾ, ಉದ್ದ ಟೀ ಹ್ಯಾಂಡಲಿನ ಅಲನ್ ಕೀ, ಒಂದು ಸ್ಕ್ರೂಡ್ರೈವರ್, ಅಷ್ಟೇ. ಒಂದು ದೊಡ್ಡ ಅಡಿಕೆ ಹಾಳೆ ತಗೊಂಡೆ, ಅದರ ಮೇಲೆ ಸ್ಕೆಚ್ ಪೆನ್ನಲ್ಲಿ ಮಷೀನಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಟ್ಟೆ. ಇದು ನನ್ನ ಐಡಿಯಾ ಅಂತ ಹೆಮ್ಮೆಯಿಂದ ಹೇಳ್ಕೊಬಹುದು, ಯಾಕಂದ್ರೆ ಈ ಮಷೀನಲ್ಲಿ ನೋಡೋಕೆ ಒಂದೇ ಥರ ಇರೋ ಸ್ಕ್ರೂ ಉದ್ದದಲ್ಲಿ ಎರಡು ಮೂರು ಎಂಎಂ ವ್ಯತ್ಯಾಸ ಇರುತ್ತೆ, ಉದ್ದದ್ದನ್ನ ಗಿಡ್ಡದರ ಜಾಗಕ್ಕೆ ಹಾಕಿ ತಿರುವಿದ್ರೆ ಒಳಗೆ ಎಲ್ಲಿಗೋ ಹೋಗಿ ತಾಗುತ್ತೆ. ಮೇಲಿನ ಕವರು, ಏರ್ ಫಿಲ್ಟರು, ಕಾರ್ಬೊರೇಟರು, ಆಮೇಲೆ ಸೈಲೆನ್ಸರು. ಸೈಲೆನ್ಸರ್ ತೆಗೆದ ಕೂಡ್ಲೇ ತೂತಲ್ಲಿ ಟಾರ್ಚ್ ಬಿಟ್ಟು ನೋಡಿದ್ರೆ ಸಾಕು, ಜಾತಕ ಗೊತ್ತಾಗಿಬಿಡುತ್ತೆ. ಪಿಸ್ಟನ್ ಮೈ ಕನ್ನಡಿ ಥರ ಇರಬೇಕಿತ್ತು, ತೆಂಗಿನಕಾಯಿ ಹೆರೆಮಣೆ ಮೇಲೆ ಉಜ್ಜಿದಂಗೆ ಗೀರು ಗೀರು ಇತ್ತು.

ಸಿಲಿಂಡರಿನ ನಾಲ್ಕು ಬೋಲ್ಟ್ ತೆಗೆದು ಎತ್ತಿದೆ. ಗೀರೆಲ್ಲ ಸೈಲೆನ್ಸರ್ ಕಡೆ ಮುಖದಲ್ಲಿ ಮಾತ್ರ. ಕಾರ್ಬೊರೇಟರ್ ಕಡೆ ಮುಖ ಸ್ವಚ್ಛ. ಕಸ ಧೂಳು ಒಳಗೆ ಹೋಗಿದ್ರೆ ಕಾರ್ಬೊರೇಟರ್ ಕಡೆ ಸವೀತಿತ್ತು, ಅದಲ್ಲ. ಸೈಲೆನ್ಸರ್ ಕಡೆ ಅಂದ್ರೆ ಬಿಸಿ ಜಾಸ್ತಿ ಇರೋ ಕಡೆ, ಅಲ್ಲಿ ಎಣ್ಣೆ ಪದರ ಹರಿದು ಪಿಸ್ಟನ್ ಉಬ್ಬಿ ಉಜ್ಜಿದೆ. ನಾನು ಅಲ್ಲೇ ತೀರ್ಮಾನ ಮಾಡ್ಬಿಟ್ಟೆ, ಟೂಟಿ ಆಯಿಲ್ ಕಮ್ಮಿ ಆಗಿದೆ ಅಂತ. ಯಾಕಂದ್ರೆ ನಾನು ಆಯಿಲ್ ಹಾಕ್ತಿದ್ದಿದ್ದು ಕಣ್ಣಂದಾಜು, ಬಾಟ್ಲಿ ಮುಚ್ಚಳದಲ್ಲಿ ಒಂದೂವರೆ ಅಂತ. ಅಪರಾಧಿ ಸಿಕ್ಕಿದ, ಅದೂ ನಾನೇ, ಇನ್ನೇನು ಹುಡುಕೋದು ಅಂತ ಮುಂದಕ್ಕೆ ಹೋದೆ. ಇಲ್ಲೇ ನಾನು ಕೆಟ್ಟಿದ್ದು.

ಸಿಲಿಂಡರ್, ಪಿಸ್ಟನ್, ರಿಂಗು, ಪಿನ್ನು, ಲಾಕು ಎಲ್ಲ ಸೇರಿ ಒಂದು ಕಿಟ್ 1350ಕ್ಕೆ ತರಿಸಿದೆ. ಹಾಕಿದೆ. ಒಂದು ಲೀಟರಿಗೆ ಸರಿಯಾಗಿ 40 ಎಂಎಲ್ ಆಯಿಲ್, ಅಂದ್ರೆ 25ಕ್ಕೆ 1, ದನಕ್ಕೆ ಔಷಧಿ ಕುಡ್ಸೋ ಸಿರಿಂಜಲ್ಲಿ ಅಳೆದು ಬೆರೆಸಿದೆ. ಐದಾರು ಸಲ ಎಳೆದಿದ್ದಕ್ಕೆ ಸ್ಟಾರ್ಟ್ ಆಯ್ತು. ಖುಷಿಯೋ ಖುಷಿ. ಒಂದೇ ಒಂದು ಕಿರಿಕಿರಿ ಏನಂದ್ರೆ, ಆಕ್ಸಿಲರೇಟರ್ ಒತ್ತಿ ಬಿಟ್ರೆ ಇಂಜಿನ್ ತಕ್ಷಣ ಇಳೀತಿರ್ಲಿಲ್ಲ. ಮೇಲೇ ಸ್ವಲ್ಪ ಹೊತ್ತು ತೇಲಾಡಿ, ಮನಸ್ಸಿಲ್ಲದ ಮನಸ್ಸಿಂದ ಐಡಲಿಗೆ (ಆಕ್ಸಿಲರೇಟರ್ ಬಿಟ್ಟಾಗಿನ ನಿಧಾನ ಓಟಕ್ಕೆ) ಬರ್ತಿತ್ತು. ಐಡಲ್ ಸ್ಕ್ರೂ ಹಿಂದಕ್ಕೆ ತಿರುವಿದೆ, ಸ್ವಲ್ಪ ಸರಿ ಹೋದಂಗೆ ಕಾಣ್ತು. ಹೊಸ ಬೋರಲ್ವ, ಸೆಟ್ ಆಗುತ್ತೆ ಅಂದ್ಕೊಂಡೆ. ಅರ್ಧ ಟ್ಯಾಂಕ್ ಆಗೋಷ್ಟರಲ್ಲಿ ಮತ್ತೆ ಅದೇ ಕಿರ್ರ್, ಅದೇ ಗಕ್.

ಅವತ್ತು ರಾತ್ರಿ ಊಟ ಸರಿಯಾಗಿ ಸೇರ್ಲಿಲ್ಲ. ಆಯಿಲ್ ಸರಿ ಇದೆ, ನಾನೇ ಅಳೆದು ಹಾಕಿದೀನಿ. ಹಂಗಾದ್ರೆ ತಪ್ಪು ಆಯಿಲ್ಲಿಂದಲ್ಲ. ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುತ್ತಾ "ಎಲ್ಲೋ ಕಳ್ಳಗಾಳಿ ಎಳೀತಿದೆ ಅದು" ಅಂದ್ರು. ಅವರು ಹಂಗಂದ ಮೇಲೇ ಐಡಲ್ ಇಳೀದಿದ್ದು ನೆನಪಾಗಿದ್ದು. ಕಾರ್ಬೊರೇಟರ್ ಬಿಟ್ಟು ಬೇರೆ ಕಡೆಯಿಂದ ಗಾಳಿ ಬಂದ್ರೆ ಪೆಟ್ರೋಲ್ ಗಾಳಿ ಲೆಕ್ಕ ತಪ್ಪುತ್ತೆ, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ, ಬಿಸಿ ಏರುತ್ತೆ, ಪೆಟ್ರೋಲ್ ಕಮ್ಮಿ ಅಂದ್ರೆ ಅದರ ಜೊತೆ ಬರೋ ಎಣ್ಣೆನೂ ಕಮ್ಮಿ. ನಿಮಿಷಕ್ಕೆ 10 ಸಾವಿರ ಸುತ್ತು ತಿರುಗೋ ಇಂಜಿನ್ನು, ಅಷ್ಟು ಸಾಕು ಕೆಡೋಕೆ.

ಕಳ್ಳಗಾಳಿ ಹುಡುಕೋದು ಹೆಂಗೆ? ಇಂಜಿನ್ ಒಳಗೆ ಗಾಳಿ ತುಂಬಿ ಎಲ್ಲಿ ಸೋರುತ್ತೆ ನೋಡಬೇಕು, ಪಂಕ್ಚರ್ ಹಾಕೋರು ಟ್ಯೂಬ್ ನೋಡಿದಂಗೆ. ಆದ್ರೆ ಸೈಕಲ್ ಪಂಪಲ್ಲಿ ಹೊಡೆದ್ರೆ ಪ್ರೆಷರ್ ಜಾಸ್ತಿಯಾಗಿ ಸೀಲೇ ಹಾರಿ ಹೋಗಬಹುದು. ಬೇಕಾಗಿದ್ದು ಐದಾರು ಪಿಎಸ್‌ಐ (ಟೈರಿಗೆ ಗಾಳಿ ಹೊಡೆಯೋವಾಗ ನೋಡೋ ಲೆಕ್ಕ) ಅಷ್ಟೇ, ಜೊತೆಗೆ ಒಂದು ಮೀಟರ್. ಮೆತ್ತಗೆ ಪಂಪ್ ಮಾಡೋ, ಮೀಟರ್ ಇರೋ ಸಾಮಾನು ನಮ್ಮನೆ ದೇವರ ಕೋಣೆ ಪಕ್ಕದ ಕಪಾಟಲ್ಲೇ ಇತ್ತು: ಅಮ್ಮನ ಬಿಪಿ ಮಷೀನು. ಹಳೇದು, ರಬ್ಬರ್ ಉಂಡೆ ಒತ್ತೋದು, ಗಡಿಯಾರದ ಥರ ಮುಳ್ಳು ತಿರುಗೋದು. ಅದರ ಮುಳ್ಳು 300ರ ತನಕ ಹೋಗುತ್ತೆ, 250 ಅಂದ್ರೆ ಹತ್ತಿರ ಹತ್ತಿರ 5 ಪಿಎಸ್‌ಐ. ನಮಗೆ ಹೇಳಿ ಮಾಡಿಸಿದಂಗೆ.

ಒಂದು ಹಳೇ ಸ್ಪಾರ್ಕ್ ಪ್ಲಗ್ ತಗೊಂಡು ಅದರ ಪಿಂಗಾಣಿ ಒಡೆದು ತೆಗೆದೆ, ಆ ತೂತಿಗೆ ಫ್ರಿಡ್ಜಿನ ತಾಮ್ರದ ಪೈಪಿನ ಗೇಣುದ್ದ ತುಂಡು ಇಟ್ಟು ಎಂಸೀಲ್ ಮೆತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅದನ್ನ ಪ್ಲಗ್ ಜಾಗಕ್ಕೆ ತಿರುವಿದೆ. ಸ್ಕೂಟರ್ ಟ್ಯೂಬ್ ಕತ್ತರಿಸಿ ಒಂದು ತುಂಡು ಸೈಲೆನ್ಸರ್ ಕೆಳಗೆ, ಇನ್ನೊಂದು ಕಾರ್ಬೊರೇಟರ್ ಕೆಳಗೆ ಇಟ್ಟು ಬೋಲ್ಟ್ ಬಿಗಿ ಮಾಡಿದೆ, ಎರಡೂ ಬಾಗಿಲು ಬಂದ್. ಪಿಸ್ಟನ್ ಪೂರ್ತಿ ಕೆಳಗಿರಬೇಕು ಇದಕ್ಕೆ, ಆಗ ಮೇಲೂ ಕೆಳಗೂ ಒಂದೇ ಕೋಣೆ ಆಗುತ್ತೆ, ಇಲ್ದಿದ್ರೆ ಕ್ರ್ಯಾಂಕ್ ಕೇಸಿಗೆ ಗಾಳಿ ಇಳಿಯಲ್ಲ. ಕೈಗೆ ಸುತ್ತೋ ಬಟ್ಟೆ ಪಟ್ಟಿ ಬಿಚ್ಚಿ, ಉಂಡೆ ಮೀಟರು ಎರಡನ್ನೂ ಒಂದು ಟೀ ಆಕಾರದ ಜಾಯಿಂಟ್ ಹಾಕಿ ತಾಮ್ರದ ಪೈಪಿಗೆ ಸೇರಿಸಿ ಫುಸ್ ಫುಸ್ ಅಂತ ಒತ್ತಿದೆ. ಮುಳ್ಳು 250ಕ್ಕೆ ಹೋಯ್ತು. ಬಿಟ್ಟೆ. ಹತ್ತು ಎಣಿಸೋಷ್ಟರಲ್ಲಿ ಸೊನ್ನೆ.

ಅಷ್ಟೊತ್ತಿಗೆ ಅಮ್ಮ ಬಂದ್ರು. "ನನ್ನ ಬಿಪಿ ನೋಡಿ ತಿಂಗಳಾಯ್ತು, ಈಗ ಅದಕ್ಕೆ ನೋಡ್ತಿದ್ಯಾ?" ನಾನು ಏನೂ ಹೇಳೋ ಸ್ಥಿತೀಲಿ ಇರ್ಲಿಲ್ಲ, "ಅಮ್ಮ, ಒಂಚೂರು ಸೋಪಿನ ನೀರು ಕೊಡಿ" ಅಂದೆ. ಬೈಕೊಂಡೇ ತಂದುಕೊಟ್ರು.

ಬ್ರಷ್ಷಲ್ಲಿ ನೊರೆ ಹಚ್ಚುತ್ತಾ ಬಂದೆ. ಕಾರ್ಬೊರೇಟರ್ ರಬ್ಬರ್ ಬೂಟು, ನನ್ನ ಪೂರ್ತಿ ಅನುಮಾನ ಅದರ ಮೇಲೇ ಇತ್ತು, ಒಂದು ಗುಳ್ಳೆ ಇಲ್ಲ. ಸಿಲಿಂಡರ್ ಅಡಿ ಗ್ಯಾಸ್ಕೆಟ್, ಇಲ್ಲ. ಕೇಸ್ ಜಾಯಿಂಟ್, ಇಲ್ಲ. ಆದ್ರೂ ಎಲ್ಲೋ ಸುಯ್ ಅಂತ ಸಣ್ಣ ಸದ್ದು ಬರ್ತಿದೆ. ಕಿವಿ ಇಟ್ಟು ಕೇಳಿದ್ರೆ ಫ್ಲೈವೀಲ್ ಹಿಂದೆ, ಅಂದ್ರೆ ಶಾಫ್ಟಿನ ತುದಿಯಲ್ಲಿರೋ ಭಾರದ ಚಕ್ರದ ಹಿಂದೆ.

ಫ್ಲೈವೀಲ್ ತೆಗೆಯೋದು ಸ್ವಲ್ಪ ತಲೆನೋವು. ನಟ್ ತಿರುವೋಕೆ ಹೋದ್ರೆ ಇಂಜಿನ್ನೇ ತಿರುಗುತ್ತೆ. ಅದಕ್ಕೆ ಪ್ಲಗ್ ತೂತಿಂದ ಹಳೇ ಸ್ಟಾರ್ಟರ್ ಹಗ್ಗನ ಒಳಗೆ ತುರುಕಬೇಕು, ಪಿಸ್ಟನ್ ಮೇಲೆ ಬಂದು ಹಗ್ಗಕ್ಕೆ ಒತ್ತಿ ನಿಲ್ಲುತ್ತೆ. ಪಿಸ್ಟನ್ ಮೇಲೆ ಹೋಗ್ತಾ ಸೈಲೆನ್ಸರ್ ಕಿಟಕಿ ಮುಚ್ಚಿದ ಮೇಲೇ ಹಗ್ಗ ಹಾಕಬೇಕು, ಇಲ್ಲಾಂದ್ರೆ ಹಗ್ಗದ ತುದಿ ಕಿಟಕಿಗೆ ಸಿಕ್ಕಿ ತುಂಡಾಗುತ್ತೆ. ಫ್ಲೈವೀಲ್ ನಟ್ ಮಾಮೂಲಿ ಥರ ಎಡಕ್ಕೆ ತಿರುವಿದ್ರೆ ಬಿಚ್ಚುತ್ತೆ. ಆ ಕಡೆ ಇರೋ ಕ್ಲಚ್ ಮಾತ್ರ ಉಲ್ಟಾ, ಬಲಕ್ಕೆ ತಿರುವಿದ್ರೆ ಬಿಚ್ಚೋದು, ಅದನ್ನ ತಿಳೀದೆ ಪಾನಾಕ್ಕೆ ಪೈಪ್ ಹಾಕಿ ಬಿಗಿ ಮಾಡಿ ಮುರಿದೋರು ನಮ್ಮೂರಲ್ಲೇ ಇದಾರೆ. ನಟ್ ಪೂರ್ತಿ ತೆಗೀದೆ ದಾರದ ತುದಿ ತನಕ ತಂದು, ಫ್ಲೈವೀಲ್ ಹಿಂದೆ ಸ್ಕ್ರೂಡ್ರೈವರ್ ಹಗುರವಾಗಿ ಮೀಟಿ ಹಿಡಿದು, ನಟ್ ಮೇಲೆ ಮರದ ಕೊಡತಿಯಲ್ಲಿ ಒಂದು ಏಟು. ಟಕ್ ಅಂತ ಬಂತು. ಫ್ಯಾನಿನ ಎಲೆಗಳಿಗೆ ಸ್ಕ್ರೂಡ್ರೈವರ್ ತಾಗಿಸಬಾರ್ದು, ಬಿಸ್ಕತ್ತಿನ ಥರ ಮುರಿಯುತ್ತೆ.

ಹಿಂದೆ ನೋಡ್ತೀನಿ, ಸೀಲಿನ ಸುತ್ತ ಕಪ್ಪು ಜಿಡ್ಡು, ಅದಕ್ಕೆ ಮರದ ಹೊಟ್ಟು ಅಂಟ್ಕೊಂಡಿದೆ. ಒರೆಸಿ ನೊರೆ ಹಚ್ಚಿ ಪಂಪ್ ಒತ್ತಿದ್ರೆ ಮಕ್ಕಳು ಊದೋ ಗುಳ್ಳೆ ಥರ ಒಂದರ ಮೇಲೊಂದು ಬಂತು. ಆಯಿಲ್ ಸೀಲು. ಶಾಫ್ಟಿಗೆ ಅಪ್ಪಿಕೊಂಡಿರಬೇಕಾದ ರಬ್ಬರ್ ತುಟಿ ಗಟ್ಟಿಯಾಗಿ, ಉಗುರು ಒತ್ತಿದ್ರೆ ಬಳೆ ಚೂರು ಮುಟ್ಟಿದಂಗಿತ್ತು. ನಾನು ಪ್ರತಿ ವರ್ಷ ಟ್ಯಾಂಕಲ್ಲಿ ಪೆಟ್ರೋಲ್ ಬಿಟ್ಟೇ ಅಟ್ಟದ ಮೇಲೆ ಇಡ್ತಿದ್ದೆ, ಈಗಿನ ಪೆಟ್ರೋಲಲ್ಲಿ ಎಥನಾಲ್ ಬೇರೆ 20 ಪರ್ಸೆಂಟ್, ನೀರು ಹೀರೋ ಸಾಮಾನು ಅದು. ಸೀಲ್ ಗಟ್ಟಿಯಾಗಿದ್ದು ಅದರಿಂದ್ಲೇ ಅಂತ ಆಣೆ ಮಾಡಿ ಹೇಳೋಕಾಗಲ್ಲ, ಆದ್ರೆ ಕಾರ್ಬೊರೇಟರ್ ಬಿಚ್ಚಿದಾಗ ಒಳಗಿನ ತೆಳು ಪೊರೆ, ಡಯಾಫ್ರಾಮೂ ಹಪ್ಪಳದ ಥರ ಸೆಟೆದುಕೊಂಡಿತ್ತು. ಅದನ್ನೂ ಬದಲಾಯಿಸಿದೆ.

ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದೆ. ಆಟ ಇದ್ರೆ ಬೇರಿಂಗ್ ಹೋಗಿದೆ ಅಂತ, ಆಗ ಕೇಸೇ ಎರಡು ಹೋಳು ಮಾಡಬೇಕು, ನನ್ನ ಪುಣ್ಯ ಅಲ್ಲಾಡ್ಲಿಲ್ಲ. ಸೀಲ್ ತೆಗೆಯೋಕೆ ಅದರ ಮೈಗೆ ಒಂದು ಸಣ್ಣ ಸ್ಕ್ರೂ ಹುಷಾರಾಗಿ ತಿರುವಿ, ಸ್ಕ್ರೂನ ಇಕ್ಕಳದಲ್ಲಿ ಹಿಡಿದು ಎಳೆದೆ. ಅದೇ ಸೀಲನ್ನ ಕಿಸೆಗೆ ಹಾಕ್ಕೊಂಡು ಶಿವಮೊಗ್ಗಕ್ಕೆ ಹೋಗಿ, ಬೇರಿಂಗ್ ಅಂಗಡಿಯಲ್ಲಿ ಅಳತೆ ಹಿಡಿಸಿ, ಎರಡೂ ಕಡೆಗೂ ಇರ್ಲಿ ಅಂತ ಎರಡು ತಗೊಂಡೆ. ಒಂದಕ್ಕೆ 40 ರೂಪಾಯಿ. ಬಸ್ಸಲ್ಲಿ ಬರ್ತಾ 40ನ್ನೂ 1350ನ್ನೂ ಎಷ್ಟು ಸಲ ಕೂಡಿ ಕಳೆದೆನೋ.

ಈಗ ಕಿಟ್ ಪ್ರಶ್ನೆ. ಮತ್ತೊಂದು ತರೋಕೆ ಮನಸ್ಸಿಲ್ಲ, ಮನೆಯಲ್ಲಿ ಮುಖ ತೋರ್ಸೋಕೂ ಆಗಲ್ಲ. ಹೊಸ ಸಿಲಿಂಡರನ್ನ ಬೆಳಕಿಗೆ ಹಿಡಿದು ಉಗುರಲ್ಲಿ ಕೆರೆದು ನೋಡಿದೆ. ಗೀರು ತಗ್ಗಾಗಿರ್ಲಿಲ್ಲ, ಉಬ್ಬಾಗಿತ್ತು. ಅಂದ್ರೆ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಬೋರಿಗೆ ಮೆತ್ಕೊಂಡಿದೆ, ಒಳಗಿನ ಗಟ್ಟಿ ಲೇಪ ಹಂಗೇ ಇದೆ. ಇದಕ್ಕೆ ಔಷಧಿ ಬಾತ್‌ರೂಮ್ ತೊಳೆಯೋ ಆಸಿಡ್ಡು. ಅಂಗಳದ ಮೂಲೆಗೆ ಹೋಗಿ, ಕೈಗೆ ಗ್ಲೌಸ್ ಹಾಕ್ಕೊಂಡು, ಕಿವಿಗೆ ಹಾಕೋ ಹತ್ತಿ ಕಡ್ಡಿಯಲ್ಲಿ ಅದ್ದಿ ಬರೀ ಮೆತ್ತಿದ ಗೆರೆ ಮೇಲೆ ಮುಟ್ಟಿಸಿದೆ. ಬುಸ್ ಅಂತ ನೊರೆ ಬರುತ್ತೆ, ಆಸಿಡ್ ಅಲ್ಯೂಮಿನಿಯಂ ತಿನ್ನೋದದು. ನೊರೆ ನಿಂತ್ರೆ ಅಲ್ಲಿ ತಿನ್ನೋಕೆ ಏನೂ ಉಳಿದಿಲ್ಲ ಅಂತ. ಕಿಟಕಿ ಅಂಚಿಗೆ ತಾಗಿಸಬಾರ್ದು, ಅಲ್ಲಿ ಲೇಪ ಇರಲ್ಲ, ಸಿಲಿಂಡರನ್ನೇ ತಿಂದುಬಿಡುತ್ತೆ. ಹೊಗೆ ಮೂಗಿಗೆ ಹೋದ್ರೆ ಕೆಮ್ಮು ನಿಲ್ಲಲ್ಲ, ಗಾಳಿ ಬೀಸೋ ದಿಕ್ಕು ನೋಡಿ ಕೂರಬೇಕು. ಮೂರ್ನಾಲ್ಕು ಸಲ ಮಾಡಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ಸಣ್ಣ ಎಮರಿ ಪೇಪರಲ್ಲಿ ಅಡ್ಡಡ್ಡ ಉಜ್ಜಿದೆ. ಬೋರು ಮತ್ತೆ ಹೊಳೀತು. ಪಿಸ್ಟನ್ನು ರಿಂಗು ಮಾತ್ರ ಬೇರೆ ತರಿಸಿದೆ, 420 ಆಯ್ತು.

ಜೋಡಿಸೋ ಕೆಲ್ಸ ಎರಡನೇ ಸಲ ಆದ್ರಿಂದ ಕೈ ಪಳಗಿತ್ತು ಅಂತ ಹೇಳ್ಬೇಕು, ಆದ್ರೆ ಲಾಕ್ ಹಾರಿದ್ದು ಎರಡನೇ ಸಲವೇ. ಪಿಸ್ಟನ್ ಪಿನ್ನಿನ ಎರಡೂ ತುದಿಗೆ ಒಂದೊಂದು ತಂತಿಯ ಲಾಕ್ ಬರುತ್ತೆ, ಕಿವಿ ರಿಂಗಿಗಿಂತ ಚಿಕ್ಕದು. ಕ್ರ್ಯಾಂಕ್ ಕೇಸಿನ ಬಾಯಿಗೆ ಬಟ್ಟೆ ತುರುಕಿದ್ದೆ, ಅಷ್ಟು ಬುದ್ಧಿ ಇತ್ತು. ಸ್ಕ್ರೂಡ್ರೈವರ್ ಜಾರಿದ್ದೇ ತಡ, ಟಿಂಗ್ ಅಂತ ಒಂದು ಸದ್ದು, ಅಷ್ಟೇ, ಲಾಕ್ ಇಲ್ಲ. ಜಗಲಿ ಗುಡಿಸಿ, ಕಸಾನ ಸ್ಪೀಕರಿನ ಆಯಸ್ಕಾಂತದಲ್ಲಿ ಜಾಲಾಡಿ, ಮುಕ್ಕಾಲು ಗಂಟೆ ಆದ ಮೇಲೆ ಸಿಕ್ಕಿದ್ದು ಅಪ್ಪಯ್ಯನ ಎಲೆಅಡಿಕೆ ತಟ್ಟೆಯಲ್ಲಿ, ಅಡಿಕೆ ಹೋಳಿನ ಮಧ್ಯೆ. ಬಾಯಿಗೆ ಹಾಕ್ಕೊಳ್ದೇ ಇದ್ದಿದ್ದು ದೊಡ್ಡದು. ಆಮೇಲಿಂದ ಮಷೀನನ್ನೂ ನನ್ನ ಕೈನೂ ಸೇರಿಸಿ ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರೊಳಗೆ ಇಟ್ಕೊಂಡು ಲಾಕ್ ಹಾಕಿದೆ, ಹಾರಿದ್ರೂ ಕವರಲ್ಲೇ ಇರುತ್ತೆ. ಲಾಕಿನ ಬಾಯಿ ಮೇಲಕ್ಕೋ ಕೆಳಕ್ಕೋ ಬರಬೇಕು, ಪಕ್ಕಕ್ಕಲ್ಲ. ಪಿಸ್ಟನ್ ತಲೆ ಮೇಲಿನ ಬಾಣ ಸೈಲೆನ್ಸರ್ ಕಡೆಗೆ. ರಿಂಗಿನ ಎರಡು ತುದಿ ಸೇರೋ ಜಾಗದಲ್ಲಿ ಪಿಸ್ಟನ್ನಿಗೆ ಒಂದು ಸಣ್ಣ ಮೊಳೆ ಇರುತ್ತೆ, ತುದಿಗಳು ಅದರ ಅಕ್ಕಪಕ್ಕ ಕೂರಲೇಬೇಕು, ಮೊಳೆ ಮೇಲೆ ಹತ್ತಿ ಕೂತಿದ್ದನ್ನ ನೋಡ್ದೆ ಸಿಲಿಂಡರ್ ಒತ್ತಿದ್ರೆ ರಿಂಗ್ ಪಟ್ ಅನ್ನುತ್ತೆ. ಎಲ್ಲಾ ಕಡೆ ಟೂಟಿ ಆಯಿಲ್ ಸವರಿ, ರಿಂಗನ್ನ ಬೆರಳಲ್ಲಿ ಅದುಮಿ ಸಿಲಿಂಡರ್ ಇಳಿಸಿದೆ.

ಬೋಲ್ಟ್ ಬಿಗಿ ಆದ ಮೇಲೆ ಬೆಸುಗೆ ಹಾಕೋ ಸೀಸದ ತಂತೀನ ಪ್ಲಗ್ ತೂತಿಂದ ಅಂಚಿನವರೆಗೆ ಬಿಟ್ಟು ಇಂಜಿನ್ ಒಂದು ಸುತ್ತು ತಿರುವಿದೆ. ಚಪ್ಪಟೆಯಾದ ತುದಿ ಅಳೆದ್ರೆ 0.7 ಎಂಎಂ. ಪಿಸ್ಟನ್ ತಲೆಗೂ ಸಿಲಿಂಡರ್ ಚಾವಣಿಗೂ ಮಧ್ಯೆ ಅಷ್ಟು ಜಾಗ ಇದೆ ಅಂತ, ತಾಗಲ್ಲ, ಸಾಕು.

ಆಮೇಲೆ ಮತ್ತೆ ಬಿಪಿ. ಈ ಸಲ 250ಕ್ಕೆ ಏರಿಸಿ ಬಿಟ್ಟು ಕಾಫಿ ಕುಡಿದು ಬಂದೆ, ಮುಳ್ಳು 240ರಲ್ಲಿ ನಿಂತಿತ್ತು. ಅಮ್ಮನ್ನ ಕರೆದು ತೋರಿಸಿದೆ. "ನನಗಿಂತ ಅದಕ್ಕೇ ಜಾಸ್ತಿ ಇದೆಯಲ್ಲೋ" ಅಂದ್ರು.

ಫ್ಲೈವೀಲ್ ಹಾಕಿ, ಅದಕ್ಕೂ ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ಲಿಗೂ ನಡುವೆ ಎಲ್‌ಐಸಿ ಏಜೆಂಟರ ವಿಸಿಟಿಂಗ್ ಕಾರ್ಡ್ ಇಟ್ಟು ಕಾಯಿಲ್ ಸ್ಕ್ರೂ ಬಿಗಿ ಮಾಡಿ ಕಾರ್ಡ್ ಎಳೆದೆ, 0.3 ಎಂಎಂ ಗ್ಯಾಪಿಗೆ ಅದಕ್ಕಿಂತ ಒಳ್ಳೇ ಟೂಲ್ ಇಲ್ಲ. ಕಾರ್ಬೊರೇಟರಲ್ಲಿ ಜೋರು ಓಟದ ಪೆಟ್ರೋಲಿಗಿರೋ ಎಚ್ ಸ್ಕ್ರೂ, ನಿಧಾನ ಓಟದ್ದಕ್ಕಿರೋ ಎಲ್ ಸ್ಕ್ರೂ ಎರಡನ್ನೂ ಹಗುರವಾಗಿ ಪೂರ್ತಿ ಮುಚ್ಚಿ ಒಂದೊಂದು ಸುತ್ತು ಬಿಚ್ಚಿದೆ. ಏಳನೇ ಎಳೆತಕ್ಕೆ ಕೆಮ್ಮಿತು, ಎಂಟನೇದಕ್ಕೆ ಹಿಡಿದುಕೊಳ್ತು. ಅಂಗಳ ತುಂಬ ನೀಲಿ ಹೊಗೆ. ನಾನು ಹೊಗೆ ನೋಡ್ಲಿಲ್ಲ, ಆಕ್ಸಿಲರೇಟರ್ ಒಂದು ಸಲ ಒತ್ತಿ ಬಿಟ್ಟೆ. ಬಿಟ್ಟ ಕೂಡ್ಲೇ ಕಲ್ಲು ಹಾಕಿದಂಗೆ ಐಡಲಿಗೆ ಇಳೀತು. ಇನ್ನೊಂದು ಸಲ ಒತ್ತಿದೆ, ಮತ್ತೆ ಇಳೀತು. ಅಪ್ಪಯ್ಯ ಜಗಲಿಯಿಂದ್ಲೇ ತಲೆ ಆಡಿಸಿದ್ರು. ಎಚ್ ಸ್ಕ್ರೂನ ಸ್ವಲ್ಪ ಪೆಟ್ರೋಲ್ ಜಾಸ್ತಿ ಕಡೆಗೇ ಇಟ್ಟಿದೀನಿ, ಖಾಲಿ ಓಡಿಸಿದಾಗ ಗೊರಗೊರ ಅನ್ನಬೇಕು, ಮರಕ್ಕೆ ಇಟ್ಟಾಗ ಸದ್ದು ಚೊಕ್ಕ ಆಗಬೇಕು. ಮೊದಲ ಎರಡು ಟ್ಯಾಂಕ್ ಬರೀ ಸಣ್ಣ ಸೌದೆ ಕುಯ್ದು, ಆಮೇಲೆ ದಾರಿ ಬದಿಗೆ ಉರುಳಿಸಿಟ್ಟಿದ್ದ ಆ ಹಲಸಿನ ದಿಮ್ಮಿಗೇ ಹಚ್ಚಿದೆ. ಪ್ಲಗ್ ಬಿಚ್ಚಿ ನೋಡಿದ್ರೆ ಕಾಫಿಪುಡಿ ಬಣ್ಣ, ಅಂದ್ರೆ ಒಳಗೆ ಸರಿಯಾಗಿ ಉರೀತಿದೆ ಅಂತ.

ಮೊನ್ನೆ ಭಾವ ಫೋನ್ ಮಾಡಿದ್ರು. ಅವರ ಕಳೆ ಹೊಡೆಯೋ ಮಷೀನು ಆಕ್ಸಿಲರೇಟರ್ ಬಿಟ್ರೂ ಇಳೀತಿಲ್ವಂತೆ, ಐಡಲ್ ಸ್ಕ್ರೂ ಯಾವುದು ಅಂತ ಕೇಳೋಕೆ ಮಾಡಿದ್ದು. ಹಿಂದೆ ಮಷೀನ್ ಓಡ್ತಿರೋ ಸದ್ದು ಫೋನಲ್ಲೇ ಕೇಳ್ತಿತ್ತು. "ಭಾವ, ಮೊದ್ಲು ಅದನ್ನ ಆಫ್ ಮಾಡಿ. ಅಕ್ಕನ ಹತ್ರ ಬಿಪಿ ಮಷೀನ್ ಇದೆಯಾ ಕೇಳಿ" ಅಂದೆ.